ಸಾವಿನೂಟದ ಚೀಸ್

ತನ್ನ ಸಾವಿನೂಟದ ಚೀಸನ್ನು ತಾನೇ ತಿನ್ನುವ ಗತಿ ಯಾರಿಗೂ ಬರಬಾರದು. ಸಿದೊನಿಗೆ ಬಂತು. ಅದೂ ಎಲ್ಲಿ? ಇಪ್ಪತ್ತೇಳು ವರ್ಷದಿಂದ ಮುಖ ಕೊಟ್ಟು ಮಾತಾಡದ ವಾರಗಿತ್ತಿಯ ಮಣ್ಣಿನ ದಿನ, ಆ ವಾರಗಿತ್ತಿಯದೇ ಮೇಜಿನ ಮುಂದೆ, ಪ್ರಾಲೊಂಗ್ ಊರಿಗೆ ಊರೇ ಕಣ್ಣು ಬಿಟ್ಟುಕೊಂಡು ನೋಡುತ್ತಿರುವಾಗ.

ಊರು ಹಾಗೆ ನೋಡುತ್ತಿದ್ದುದಕ್ಕೆ ಕಾರಣವಿತ್ತು. ಆ ಊರಿರುವ ಆನಿವಿಯೆ ಎಂಬ ಹಿಮಬೆಟ್ಟದ ಕಣಿವೆಯಲ್ಲಿ ಸತ್ತವರ ಚೀಸ್ ಬಾಯಿಗಿಟ್ಟರೆ ಅವರ ಜೊತೆಗಿನ ಜಗಳ ಮುಗಿಯಿತು ಎಂದರ್ಥ. ಮುಟ್ಟದೆ ಎದ್ದರೆ, ಮುಗಿದಿಲ್ಲ, ಮಿಕ್ಕಿದ್ದನ್ನು ದೇವರ ಮುಂದೆ ನೋಡಿಕೊಳ್ಳುತ್ತೇನೆ ಎಂದರ್ಥ. ವಾರಗಿತ್ತಿ ವಿಕ್ಟೊರಿನ್ ಹೋದಳು ಎಂದು ಇಗರ್ಜಿಯ ಗಂಟೆ ಬಡಿದ ಹೊತ್ತಿನಿಂದ ಊರಲ್ಲಿ ಒಂದೇ ಮಾತು: ಸಿದೊನಿ ತಿನ್ನುತ್ತಾಳೋ, ಇಲ್ಲವೋ? ಒಲೆಯ ಮುಂದೆ ಅದೇ, ನೀರಿನ ತೊಟ್ಟಿಯ ಹತ್ತಿರ ಅದೇ. ಪಾದ್ರಿ ಕೂಡ ಗೋರಿಯ ಮುಂದೆ ಮಂತ್ರ ಓದುವಾಗ ಎರಡು ಸಲ ಸಿದೊನಿಯ ಕಡೆ ಕಣ್ಣು ಹಾಯಿಸಿದ್ದ. ಊರ ಬಾಯಿಗೆ ಮುಚ್ಚಳ ಹಾಕುವವರು ಯಾರು?

ಸಿದೊನಿ ಉಪಾಯ ಮಾಡಿಕೊಂಡೇ ಬಂದಿದ್ದಳು. ತುಂಡನ್ನು ಎಲ್ಲರ ಕಣ್ಣೆದುರಿಗೆ ಬಾಯಿಗಿಡುವುದು. ನೋಡಬೇಕಾದವರು ನೋಡಿದರು ಎಂದಾದ ಮೇಲೆ ಕೆಮ್ಮಿ ಕರವಸ್ತ್ರಕ್ಕೆ ಉಗಿಯುವುದು. ಊರೂ ಸುಮ್ಮನಾಗುತ್ತದೆ, ಜಗಳವೂ ಹಾಗೇ ಉಳಿಯುತ್ತದೆ. ಎಪ್ಪತ್ತೊಂದು ವರ್ಷದ, ಸೊಂಟ ಮುರಿದ ಮುದುಕಿಗೆ ಕೆಮ್ಮು ಬರುವುದಕ್ಕೆ ಯಾರ ಅಪ್ಪಣೆ ಬೇಕು?

ಅಡುಗೆಮನೆಯಿಂದ ಚೀಸ್ ತಟ್ಟೆಯಲ್ಲಿ ಬಂತು, ಜೊತೆಗೆ ಕಪ್ಪು ರೈ ರೊಟ್ಟಿ. ಒಳಗೆ ಜಕಾರಿ ಕೊಡಲಿ ಹಿಡಿದು ಒಡೆಯುತ್ತಿದ್ದ ಸದ್ದು ಕೇಳುತ್ತಿತ್ತು. ನಲವತ್ತು ವರ್ಷದಿಂದ ಊರಿನ ಸಾವಿನ ಗಾಲಿಗಳನ್ನೆಲ್ಲ, ಅಂದರೆ ಗಾಲಿಯ ಹಾಗೆ ದುಂಡಗಿನ ಸಾವಿನ ಚೀಸುಗಳನ್ನೆಲ್ಲ, ಒಡೆಯುವವನು ಅವನೇ. ಕೊಡಲಿಯೇ ಬೇಕು. ಮದುವೆಯ ವರ್ಷ ಒಬ್ಬೊಬ್ಬರಿಗೂ ಒಂದರಂತೆ ಮಾಡಿಟ್ಟ ಚೀಸಿನ ಗಾಲಿಯನ್ನು ಮಣ್ಣಾಗುವ ದಿನ ಹೊರಗೆ ತೆಗೆದರೆ ಅದು ಚಾಕುವಿಗೆ ಬಗ್ಗುತ್ತದೆಯೇ? ಹೊರಗೆ ಮರದ ತೊಗಟೆಯ ಹಾಗೆ ಕಪ್ಪು, ಒಳಗೆ ಹಳೆಯ ಜೇನುಮೇಣದ ಬಣ್ಣ. ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಎಂಜಲಲ್ಲಿ ನೆನೆಸಬೇಕು, ಆಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಿದೊನಿ ಬಾಯಿಗಿಟ್ಟಳು. ಎದುರು ಬೆಂಚಿನ ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ಮೊದಲು ಉಪ್ಪು ಬಂತು. ಆಮೇಲೆ ಅಕ್ರೋಟಿನ ರುಚಿ, ಅದರ ಹಿಂದೆ ಬೆಟ್ಟದ ಹುಲ್ಲಿನ ಸಣ್ಣ ಕಹಿ. ಇಷ್ಟು ಯಾವ ಹಳೆಯ ಗಾಲಿಯಲ್ಲೂ ಇರುತ್ತದೆ. ಇನ್ನು ಕೆಮ್ಮೋಣ ಎಂದು ಕರವಸ್ತ್ರ ಎತ್ತಿದಳು. ಆಗ ಎಲ್ಲದರ ಹಿಂದಿನಿಂದ, ಅಂಗುಳಿಗೆ ಹತ್ತಿಕೊಂಡ ಹಾಗೆ, ಹೊಗೆ ಬಂತು. ಹಸಿ ಜುನಿಪರ್ ಸೌದೆಯ ಹೊಗೆ.

ಆ ಹೊಗೆ ಅವಳ ಅಪ್ಪನದು. ಅವಳ ಮದುವೆಯ ವರ್ಷ, ಸಾವಿರದ ಒಂಬೈನೂರ ಹನ್ನೊಂದರಲ್ಲಿ, ಆಗಸ್ಟಿನಲ್ಲೇ ಮೇಲಿನ ಹುಲ್ಲುಗಾವಲಿನ ಮೇಲೆ ಹಿಮ ಸುರಿದಿತ್ತು. ಒಣ ಸೌದೆಯೆಲ್ಲ ತೊಯ್ದು ತೊಪ್ಪೆ. ಮಗಳ ಗಾಲಿಗೆಂದು ಅಪ್ಪ ಆವತ್ತೇ ಹಾಲು ಹೊಂದಿಸಿಟ್ಟಿದ್ದ. ಮಾರುವ ಚೀಸಿಗೆ ಕೆನೆ ತೆಗೆದ ಹಾಲು ಹಾಕುತ್ತಿದ್ದವನು, ಮಗಳದಕ್ಕೆ ಹಿಂದಿನ ಸಂಜೆಯ ಹಾಲನ್ನು ಕೆನೆಸಮೇತ ತಾಮ್ರದ ಹಂಡೆಗೆ ಸುರಿದಿದ್ದ. ಆ ಹಾಲನ್ನು ಕೆಡಿಸುವ ಮನಸ್ಸಾಗದೆ ಹಸಿ ಜುನಿಪರ್ ಗಿಡವನ್ನೇ ಕಡಿದು ಉರಿ ಹಾಕಿದ. ಗುಡಿಸಲು ತುಂಬ ಹೊಗೆ, ಹಾಲಿಗೂ ಹೊಗೆ. ಮದುವೆಯ ದಿನ ಗಾಲಿಗೆ ಸಣ್ಣ ಕೊಳವೆ ತೂರಿಸಿ, ಒಳಗಿನ ಒಂದು ಚೂರು ತೆಗೆದು ಮದುಮಗಳ ಬಾಯಿಗಿಟ್ಟು, ತೂತನ್ನು ಮತ್ತೆ ಮುಚ್ಚುತ್ತಾರೆ. ತನ್ನ ಗಾಲಿಯ ರುಚಿ ಹೆಂಗಸಿಗೆ ಗೊತ್ತಾಗುವುದು ಅದೊಂದೇ ಸಲ. ಎರಡನೆಯ ಸಲ ತಿನ್ನುವವರು ಬೇರೆಯವರು, ಅಷ್ಟು ಹೊತ್ತಿಗೆ ಅವಳು ಮಣ್ಣಲ್ಲಿರುತ್ತಾಳೆ. "ಹೊಗೆ ಹಿಡಿದುಬಿಡ್ತು ಮಗಳೇ" ಎಂದು ಅಪ್ಪ ಅವತ್ತು ತಲೆ ತಗ್ಗಿಸಿದ್ದ. "ಇರ್ಲಿ ಬಿಡಪ್ಪ, ನಂದು ಅಂತ ಗುರುತು ಸಿಗುತ್ತೆ" ಎಂದು ಅವಳು ನಕ್ಕಿದ್ದಳು.

ಸಿಕ್ಕಿತಲ್ಲ ಗುರುತು! ಐವತ್ತು ವರ್ಷ ಕಾದಿಟ್ಟ ಗಾಲಿ, ಅಪ್ಪನ ಕೈಯ ಗಾಲಿ, ತನ್ನ ಸಾವಿನ ದಿನ ಊರು ಬಾಯಿಗಿಡಬೇಕಾದ ಗಾಲಿ, ಆ ವಿಕ್ಟೊರಿನಳ ಹೆಸರಿನಲ್ಲಿ ಚೂರು ಚೂರಾಗಿ ಮೂವತ್ತೈದು ಜನರ ಹಲ್ಲಿಗೆ ಸಿಕ್ಕಿತ್ತು. ಸಿದೊನಿಗೆ ಕೆಮ್ಮುವ ನಾಟಕ ಬೇಕಾಗಲಿಲ್ಲ. ನಿಜವಾಗಿಯೇ ಕೆಮ್ಮು ಬಂತು. ತುಂಡನ್ನು ಕರವಸ್ತ್ರಕ್ಕೆ ಉಗಿದು, ಗಂಟು ಕಟ್ಟಿ, ಊರುಗೋಲು ಕುಟ್ಟುತ್ತಾ ಎದ್ದು ಅಡುಗೆಮನೆಗೆ ನುಗ್ಗಿದಳು.

ಅಲ್ಲಿ ಜಕಾರಿ ಮರದ ಕೊರಡಿನ ಮುಂದೆ ನಿಂತಿದ್ದ. ಕೊರಡಿನ ಮೇಲೆ ಅರ್ಧ ಗಾಲಿ ಉಳಿದಿತ್ತು. ವಿಕ್ಟೊರಿನಳ ಮಗ ಬಾಜಿಲ್ ಪೀಪಾಯಿಯಿಂದ ಹೂಜಿಗೆ ವೈನ್ ಬಗ್ಗಿಸುತ್ತಿದ್ದ.

"ಆ ಕೊಡಲಿ ಕೆಳಗಿಡೋ" ಎಂದಳು ಸಿದೊನಿ.

ಜಕಾರಿ ಇಟ್ಟ. ಅವಳ ಮುಖ ನೋಡಿದ ಮೇಲೆ ಇಡದೆ ಇರುವ ಗಂಡಸು ಆ ಕಣಿವೆಯಲ್ಲಿ ಇರಲಿಲ್ಲ.

"ಯಾರ ಗಾಲಿನೋ ಇದು?"

"ಅಮ್ಮಂದು, ದೊಡ್ಡಮ್ಮ" ಎಂದ ಬಾಜಿಲ್, ಹೂಜಿ ಹಿಡಿದುಕೊಂಡೇ. "ನೆಲಮನೆಯಿಂದ ನಾನೇ ತಂದೆ."

"ನಿಮ್ಮಮ್ಮಂದಾ? ಮೂಸಿ ನೋಡೋ ಅದನ್ನ! ಹೊಗೆ ವಾಸನೆ ಬರಲ್ವಾ ನಿನ್ನ ಮೂಗಿಗೆ? ನಮ್ಮಪ್ಪ ಹಿಮದಲ್ಲಿ ನಿಂತು ಮಾಡಿದ್ದು ಕಣೋ ಇದು. ನನ್ನ ಗಾಲಿ! ನಾನಿನ್ನೂ ಉಸಿರಾಡ್ತಾ ನಿಂತಿದೀನಿ, ನನ್ನ ಸಾವಿನೂಟ ಹಂಚ್ತಾ ಇದೀಯಲ್ಲೋ ಪಾಪಿ!"

ಬಾಜಿಲ್ ಹೂಜಿಯನ್ನು ಕೆಳಗಿಟ್ಟ. ಅವನು ಕೆಟ್ಟವನಲ್ಲ, ನಲವತ್ತು ದಾಟಿದರೂ ತಾಯಿ ಹಾಕಿದ ಗೆರೆ ದಾಟದ ಬ್ರಹ್ಮಚಾರಿ. "ಇಲ್ಲ ದೊಡ್ಡಮ್ಮ, ಅಮ್ಮನ ಹಲಗೆ ಮೇಲೇ ಇತ್ತು. ಶನಿವಾರ ಶನಿವಾರ ಅಮ್ಮ ಇದನ್ನೇ ಉಪ್ಪುನೀರಿನ ಬಟ್ಟೇಲಿ ಉಜ್ಜೋರು. ನಾನೇ ಕಣ್ಣಾರೆ ನೋಡಿದೀನಿ. ಅಮ್ಮನ ಹಲಗೆ ಮೇಲಿದ್ದಿದ್ದು ಇದೊಂದೇ."

ಊರಿನ ರೀತಿ ಗೊತ್ತಿದ್ದವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಲ್ಲಿ ತನ್ನ ಗಾಲಿಯನ್ನು ತಾನೇ ಉಜ್ಜಬೇಕು, ಬದುಕಿರುವಷ್ಟು ದಿನ, ವಾರಕ್ಕೊಮ್ಮೆ. ಗಂಡನದನ್ನು ಹೆಂಡತಿ ಮುಟ್ಟುವುದಿಲ್ಲ, ತಾಯಿಯದನ್ನು ಮಗ ಮುಟ್ಟುವುದಿಲ್ಲ. ಬೇರೆಯವರ ಸಾವಿಗೆ ಕೈ ಹಾಕಿದ ಹಾಗೆ ಅದು. ಸಿದೊನಿ ಮಾತ್ರ, ಎರಡು ಚಳಿಗಾಲದ ಹಿಂದೆ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡ ಮೇಲೆ, ನೆಲಮನೆಯ ಕಡಿದಾದ ಎಂಟು ಮೆಟ್ಟಿಲು ಇಳಿಯಲಾರದೆ ಆ ಕೆಲಸವನ್ನು ಜಕಾರಿಗೆ ಒಪ್ಪಿಸಿದ್ದಳು. ಗಾಲಿ ಒಡೆಯುವವನಾದ್ದರಿಂದ ಅವನು ಮುಟ್ಟಿದರೆ ದೋಷವಿಲ್ಲ. ಅವನೂ ಪ್ರತಿ ಶನಿವಾರ ಕಿಟಕಿಗೆ ಬಂದು "ಉಜ್ಜಿದೆ ಅಕ್ಕ, ಗಾಲಿ ಗಟ್ಟಿಮುಟ್ಟಾಗಿದೆ" ಎಂದು ಹೇಳಿ ಒಂದು ಲೋಟ ವೈನ್ ಕುಡಿದು ಹೋಗುತ್ತಿದ್ದ.

ಈಗ ಅವಳು ಅವನ ಕಡೆ ತಿರುಗಿದಳು. "ಇವನಿಗೆ ಗೊತ್ತಾಗಲಿಲ್ಲ, ಸರಿ. ನಿನಗೇನಾಗಿತ್ತೋ ಜಕಾರಿ? ಪಕ್ಕದಲ್ಲಿ ನನ್ನ ಗುರುತಿದೆ, ಶಿಲುಬೆ, ಅದರ ಕೆಳಗೆ ಮೂರು ಗೀರು. ಎರಡು ವರ್ಷ ಉಜ್ಜಿದ ಕೈಗೆ ಗೀರು ಸಿಗಲಿಲ್ವಾ? ಕಣ್ಣಿಗೆ ಸಗಣಿ ಮೆತ್ಕೊಂಡಿದ್ದೇನೋ?"

ಜಕಾರಿ ಕೊಡಲಿಯ ಹಿಡಿಯನ್ನೇ ನೋಡುತ್ತಾ ನಿಂತ.

ಊಟದ ಕೋಣೆಯಲ್ಲಿ ಚಮಚದ ಸದ್ದು ನಿಂತಿತ್ತು. ಮೂವತ್ತೈದು ಜೊತೆ ಕಿವಿ ಅಡುಗೆಮನೆಯ ಬಾಗಿಲಿಗೆ ಅಂಟಿಕೊಂಡಿದ್ದವು. ಅದೇನು ಸಿದೊನಿಗೆ ಗೊತ್ತಾಗಲಿಲ್ಲವೇ? ಗೊತ್ತಾಯಿತು. ಗೊತ್ತಾಗಲಿ ಎಂದೇ ದನಿ ಏರಿಸಿದಳು.

"ಹಾಗಾದ್ರೆ ನಿಮ್ಮಮ್ಮನ ಗಾಲಿ ಎಲ್ಲೋ ಬಾಜಿಲ್? ಅವಳ ಮದುವೇಲೂ ಕೊಟ್ಟಿದ್ರಲ್ಲ, ನಾನೇ ಇದ್ದೆ. ಎಲ್ಲಿ ಹೋಯ್ತು? ನಾನು ಹೇಳ್ಲಾ? ತನ್ನದನ್ನ ಮಾರ್ಕೊಂಡು ತಿಂದಳು, ನಾನು ಕಾಲಿಲ್ಲದೆ ಬಿದ್ದಿರೋದನ್ನ ನೋಡಿ ನಂದನ್ನ ತನ್ನ ಹಲಗೆಗೆ ಎಳ್ಕೊಂಡಳು! ಹಸುವಿನ ಕಾಲಿಗೆ ಕೈ ಹಾಕಿದೋಳು, ಚೀಸಿಗೆ ಹಾಕಲ್ವಾ?"

ಹಸುವಿನ ಕಾಲಿನ ಜಗಳ ಊರಿಗೆಲ್ಲ ಬಾಯಿಪಾಠ. ಮೂವತ್ತನಾಲ್ಕರ ಫೆಬ್ರವರಿಯಲ್ಲಿ ಸಿದೊನಿಯ ಗಂಡ ಮಾರ್ತಿಯಲ್ ಹಿಮ ಕುಸಿದು ಸತ್ತ. ಅವನು ಹಿಂದಿನ ವರ್ಷ ತಂದ ಕಪ್ಪು ಹಸು ಮರ್ಕೀಸ್ ಆ ಬೇಸಿಗೆ ಮೇಲಿನ ಹುಲ್ಲುಗಾವಲಿನಲ್ಲಿ ಊರಿನ ಹಸುಗಳನ್ನೆಲ್ಲ ಕೊಂಬಿನಿಂದ ನೂಕಿ ರಾಣಿಯಾಯಿತು. ಶರತ್ಕಾಲದಲ್ಲಿ ಅದು ದೊಡ್ಡ ಗಂಟೆ ಕಟ್ಟಿಸಿಕೊಂಡು, ಕೊಂಬಿಗೆ ಹೂ ಸುತ್ತಿಸಿಕೊಂಡು ಊರಿಗೆ ಇಳಿದ ದಿನ, ನೀರಿನ ತೊಟ್ಟಿಯ ಮುಂದೆ ಸಿದೊನಿ ಹೆಮ್ಮೆಯಿಂದ, "ನನ್ನ ಗಂಡ ಬೆವರು ಸುರಿಸಿ ಕೊಂಡ ಹಸು, ಕೆಲವರ ಹಾಗೆ ಇನ್ನೊಬ್ಬರ ಹಂಗಲ್ಲಿ ಬದುಕಿದೋನಲ್ಲ" ಎಂದು ವಿಕ್ಟೊರಿನಳ ಮುಖಕ್ಕೇ ಹೇಳಿದಳು. ವಿಕ್ಟೊರಿನ್ ಕೆಂಪಾಗಿ, "ಆ ಹಸುವಿನಲ್ಲಿ ನಂದೂ ಒಂದು ಕಾಲಿದೆ, ಮರೀಬೇಡ" ಎಂದಳು. ಈ ಕಡೆ ಬಡವರು ನಾಲ್ಕು ಮನೆ ಸೇರಿ ಒಂದು ಹಸು ಕೊಳ್ಳುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಕಾಲು. ಆದರೆ ಮರ್ಕೀಸ್ ಪೂರ್ತಿ ಮಾರ್ತಿಯಲನದು. "ಕಾಲು ಯಾಕೆ, ಬಾಲ ಹಿಡ್ಕೊಂಡು ಹೋಗು, ಸಗಣಿನಾದ್ರೂ ಸಿಗುತ್ತೆ" ಎಂದಳು ಸಿದೊನಿ. ಜನ ಹೋ ಎಂದು ನಕ್ಕರು. ಗಂಡ ಸತ್ತು ಎಂಟು ತಿಂಗಳು ತುಂಬದ ವಿಧವೆಯ ಹಸುವಿಗೆ ಕಣ್ಣು ಹಾಕಿದಳಲ್ಲ ಎಂದು ಸಿದೊನಿ ಅವತ್ತು ಬಿಟ್ಟ ಮಾತು ಮತ್ತೆ ಆಡಲಿಲ್ಲ. ಒಂದೇ ಮನೆ, ಇವಳು ಕೆಳಗೆ, ಅವಳು ಮೇಲೆ, ನೆಲಮನೆ ಒಂದೇ. ಇಪ್ಪತ್ತೇಳು ವರ್ಷ ಎಣ್ಣೆ ಸೀಗೆಕಾಯಿ.

"ಅಮ್ಮ ಕದಿಯೋರಲ್ಲ" ಎಂದ ಬಾಜಿಲ್. ಅವನ ಕಣ್ಣಲ್ಲಿ ನೀರಿತ್ತು. "ಸಾಯೋ ಮುಂಚೆ ನನಗೆ ಏನಂದ್ರು ಗೊತ್ತಾ? 'ನನಗೇನೂ ಒಡೀಬೇಡ, ಸೆರಾ ಸಾಕು' ಅಂದ್ರು."

ಸೆರಾ ಎಂದರೆ ಚೀಸ್ ತೆಗೆದ ಮೇಲೆ ಉಳಿದ ನೀರನ್ನು ಕಾಯಿಸಿ ತೆಗೆಯುವ ಬಿಳಿ ಮುದ್ದೆ. ಬಡವರ ಊಟ. ಹಂದಿಗೂ ಹಾಕುತ್ತಾರೆ.

"ನೋಡಿದ್ಯಾ! ಇಲ್ಲದೆ ಇದ್ದದ್ದಕ್ಕೇ ಹಾಗಂದಿದ್ದು!" ಸಿದೊನಿ ಊರುಗೋಲನ್ನು ನೆಲಕ್ಕೆ ಕುಟ್ಟಿದಳು. "ಇಲ್ಲ, ಇನ್ನೆಲ್ಲೋ ಬಚ್ಚಿಟ್ಟಿದಾಳೆ. ನಡೀರಿ ನೆಲಮನೆಗೆ. ಅವಳದು ಸಿಕ್ಕಿದ್ರೆ ಅದನ್ನ ಒಡೀರಿ, ಈ ಅರ್ಧ ನಂದು ನನಗೆ ವಾಪಸ್ ಕೊಡಿ. ನಾನು ಸತ್ತ ದಿನ ಅರ್ಧವಾದರೂ ಇರ್ಲಿ ನನ್ನ ಅಪ್ಪನ ಕೈಯದು."

"ಇಳೀಬೇಡಿ ಅಕ್ಕ" ಎಂದ ಜಕಾರಿ. ಅದು ಅವನ ಬಾಯಿಂದ ಬಂದ ಮೊದಲ ಮಾತು. "ಬೇಡ. ನಿಮ್ಮ ಕಾಲು ಸರಿಯಿಲ್ಲ."

"ನನ್ನ ಕಾಲಿನ ಚಿಂತೆ ನಿನಗ್ಯಾಕೋ? ಹಿಡ್ಕೋ ದೀಪ!"

ಇಳಿದಳು. ಎರಡು ವರ್ಷ ಕನಸಲ್ಲಿ ಮಾತ್ರ ಇಳಿದಿದ್ದ ಎಂಟು ಮೆಟ್ಟಿಲನ್ನು ಸಿಟ್ಟಿನ ಬಲದಲ್ಲೇ ಇಳಿದಳು, ಒಂದು ಕೈ ಕಲ್ಲುಗೋಡೆಗೆ, ಒಂದು ಕೈ ಬಾಜಿಲನ ಹೆಗಲಿಗೆ. ಹಿಂದೆ ಜಕಾರಿ ದೀಪ ಹಿಡಿದು ಬಂದ. ನೆಲಮನೆಯಲ್ಲಿ ಹುಳಿ, ಉಪ್ಪು, ಹಳೆಯ ಮರದ ವಾಸನೆ. ಗೋಡೆಗೆ ನಾಲ್ಕು ಹಲಗೆ, ಇಬ್ಬರು ಅಣ್ಣತಮ್ಮಂದಿರು ಮತ್ತು ಅವರ ಹೆಂಡತಿಯರದು. ಗಂಡಸರ ಎರಡು ಹಲಗೆ ಎಂದೋ ಬರಿದಾಗಿದ್ದವು. ಬಾಗಿಲ ಪಕ್ಕದ್ದು ಸಿದೊನಿಯದು. ಅದರ ಮೇಲ್ಗಡೆ ಗೋಡೆ ಸೋರಿ, ಹಲಗೆ ಕಪ್ಪಾಗಿ ಕೊಳೆತು, ಬೆರಳಿಟ್ಟರೆ ರೊಟ್ಟಿಯ ಹಾಗೆ ಕಿತ್ತುಬರುತ್ತಿತ್ತು. ಒಳಗಿನ ಮೂಲೆಯದು ವಿಕ್ಟೊರಿನಳದು, ಒಣಗಿದ, ಉಪ್ಪಿನ ಬಟ್ಟೆಯಲ್ಲಿ ಒರೆಸಿ ಒರೆಸಿ ಬೆಳ್ಳಗಾದ ಹಲಗೆ.

ಸಿದೊನಿ ತನ್ನ ಹಲಗೆಯನ್ನು ನೋಡಿದಳು, ಅವಳದನ್ನು ನೋಡಿದಳು. ಊರುಗೋಲಿನಿಂದ ವಿಕ್ಟೊರಿನಳ ಹಲಗೆಯ ಕೆಳಗೆ, ಗೋಣಿಗಳ ಹಿಂದೆ ಕೆದಕಿದಳು. ಕೋಲಿಗೆ ಏನೋ ಗುಂಡಗೆ ತಗುಲಿತು.

"ಇಗೋ!" ಎಂದು ಕೂಗಿದಳು. "ಹೇಳಲಿಲ್ವಾ ನಾನು? ಬಚ್ಚಿಟ್ಟಿದಾಳೆ ಕಳ್ಳಿ! ತೆಗಿಯೋ ಬಾಜಿಲ್!"

ಬಾಜಿಲ್ ಗೋಣಿ ಎಳೆದು ಬಿಚ್ಚಿದ. ಗುಂಡಗೆ, ಕಪ್ಪಗೆ, ಎರಡು ಗೇಣಗಲದ ಗಾಲಿ. ಸಿದೊನಿ ಗೆದ್ದವಳ ಹಾಗೆ ಬಗ್ಗಿ ಅದರ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದಳು. ಚೀಸಿನ ಸದ್ದು ಅವಳಿಗೆ ಗೊತ್ತು, ಇದು ಅದಲ್ಲ. ಮತ್ತೆ ತಟ್ಟಿದಳು. ಟಕ್ ಟಕ್ ಎಂದಿತು. ಮರ. ಲಾರ್ಚ್ ಮರದ ಬುಡವನ್ನು ಗುಂಡಗೆ ಕೊಯ್ದು, ಅಂಚು ಉಜ್ಜಿ, ಮಸಿ ಮತ್ತು ಕೊಬ್ಬು ಬಳಿದು ಚೀಸಿನ ಹಾಗೆ ಮಾಡಿದ ತುಂಡು. ದೀಪ ಹತ್ತಿರ ತಂದಾಗ ಪಕ್ಕದಲ್ಲಿ ಕೊರೆದ ಗುರುತು ಕಂಡಿತು. ಶಿಲುಬೆ, ಅದರ ಕೆಳಗೆ ಒಂದು ಗೀರು. ಅದು ಮಾರ್ತಿಯಲನ ಗುರುತು. ಕೊರೆದ ಕೈಯೂ ಅವನದೇ, ಆ ಎಡಕ್ಕೆ ವಾಲುವ ಶಿಲುಬೆಯನ್ನು ಅವಳು ಮನೆಯ ಪ್ರತಿ ಕುರ್ಚಿಯ ಮೇಲೂ ನೋಡಿದ್ದಳು.

"ಏನೋ ಇದು?" ಎಂದಳು.

ಜಕಾರಿ ದೀಪವನ್ನು ಹಲಗೆಯ ಮೇಲಿಟ್ಟು ಟೋಪಿ ತೆಗೆದ. "ಮಾರ್ತಿಯಲ್ ಅಣ್ಣನ ಗಾಲಿ ಇದೇ ಅಕ್ಕ. ಅವರು ಸತ್ತ ದಿನ ಅವರ ಹಲಗೆ ಮೇಲೆ ಇದ್ದಿದ್ದು ಇದು."

"ಬುದ್ಧಿ ಕೆಟ್ಟಿದ್ಯಾ ನಿನಗೆ? ಅವನ ಗಾಲಿ ಒಡೆದೋನು ನೀನೇ! ಇಡೀ ಊರು ತಿಂದಿದೆ, ನಾನೂ ತಿಂದಿದೀನಿ."

"ನೀವು ತಿಂದಿದ್ದು ವಿಕ್ಟೊರಿನಕ್ಕಂದು."

ಬಾಜಿಲ್ ನಿಂತಲ್ಲೇ ಗೋಡೆಗೆ ಒರಗಿದ. ಜಕಾರಿ ಇಪ್ಪತ್ತೇಳು ವರ್ಷ ಹಲ್ಲು ಕಚ್ಚಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳತೊಡಗಿದ.

"ಮರ್ಕೀಸನ್ನ ಕೊಳ್ಳೋಕೆ ಅಣ್ಣಂಗೆ ದುಡ್ಡು ಸಾಲಲಿಲ್ಲ, ಒಂದು ಕಾಲಿನಷ್ಟು ಕಮ್ಮಿ ಬಿತ್ತು. ಸಿಯೆರ್ ಪೇಟೇಲಿ ಒಬ್ಬ ಹೋಟೆಲಿನೋನು ಪರದೇಶದ ಸಾಹೇಬರಿಗೆ ತೋರಿಸೋಕೆ ಅಂತ ಹಳೇ ಗಾಲಿ ಹುಡುಕ್ತಿದ್ದ, ಕೇಳಿದಷ್ಟು ಕೊಡ್ತಿದ್ದ. ಅಣ್ಣ ತಮ್ಮ ಗಾಲೀನ ಕೊಟ್ಟುಬಿಟ್ರು. ಬರೋ ಬೇಸಿಗೇಲಿ ಹೊಸದು ಮಾಡಿಸಿಡ್ತೀನಿ, ಸಾವು ನಾಳೆಗೇ ಬರುತ್ತಾ ಅಂತ ಆ ಹೋಟೆಲಿನೋನ ಹತ್ರ ಅಂದ್ರಂತೆ. ನಿಮಗೆ ಗೊತ್ತಾಗಬಾರದು ಅಂತ ಈ ಮರ ಇಟ್ರು. ಸತ್ತಾಗ ವಿಧವೆ ನೆಲಮನೆಗೆ ಇಳಿಯೋ ಹಾಗಿಲ್ಲ, ವಿಕ್ಟೊರಿನಕ್ಕ ಮತ್ತೆ ನಾನು ಇಳಿದ್ವಿ. ಎತ್ತಿದ ತಕ್ಷಣ ಅಕ್ಕನಿಗೆ ತಿಳೀತು. ಮೇಲೆ ಊರು ಕಾಯ್ತಾ ಕೂತಿತ್ತು. ಅಕ್ಕ ಅಂದ್ರು, 'ಅವಳಿಗೆ ಗಂಡ ಹೋಗಿರೋದೇ ಸಾಕು, ಊರ ಮುಂದೆ ಅವನ ಮಾನನೂ ಹೋಗೋದು ಬೇಡ. ನಂದು ತಗೋ ಜಕಾರಿ, ಗುರುತು ಕೆರೆದು ಹಾಕು. ಬಾಯಿ ಬಿಟ್ಟರೆ ನಿನ್ನ ನಾಲಿಗೆ ಸೀಳ್ತೀನಿ' ಅಂದ್ರು. ಶಿಲುಬೆ ಮುಟ್ಟಿಸಿ ಆಣೆ ಹಾಕಿಸ್ಕೊಂಡ್ರು. ಆಮೇಲೆ ಗುರುತು ಗೋಡೆ ಕಡೆ ತಿರುಗಿಸಿ ಈ ಮರಾನೇ ತಮ್ಮ ಹಲಗೆ ಮೇಲಿಟ್ಕೊಂಡ್ರು, ನಿಮ್ಮ ಕಣ್ಣಿಗೂ ಅದು ಅವರ ಗಾಲಿ ಅಂತಲೇ ಕಂಡಿತ್ತು."

"ಮತ್ತೆ ನನ್ನ ಗಾಲಿ?" ಸಿದೊನಿಯ ದನಿ ಸಣ್ಣದಾಗಿತ್ತು.

"ಅದು ನನ್ನ ತಪ್ಪು. ನಿಮ್ಮ ಸೊಂಟ ಮುರಿದ ವರ್ಷವೇ ನನ್ನ ಬೆನ್ನೂ ಹೋಯ್ತು, ಬಗ್ಗೋಕಾಗ್ತಿರಲಿಲ್ಲ. ಅಕ್ಕ ನೋಡಿದ್ರು, ನನ್ನ ಕೈಯಿಂದ ಉಪ್ಪುನೀರಿನ ಬಟ್ಟೆ ಕಿತ್ಕೊಂಡ್ರು. ನಿಮ್ಮ ಹಲಗೆ ಮೇಲೆ ನೀರು ಸೋರ್ತಿದೆ ಅಂತ ಮರಾನ ಕೆಳಗೆ ಸರಿಸಿ ನಿಮ್ಮ ಗಾಲೀನ ತಮ್ಮ ಹಲಗೆಗೆ ಹಾಕ್ಕೊಂಡ್ರು. ಎರಡು ವರ್ಷ ಅವರೇ ಉಜ್ಜಿದ್ದು. ಇವತ್ತು ಇವನು ತಂದಿಟ್ಟಾಗ, ಕಪ್ಪು ಕೆರೀತಿದ್ದ ಹಾಗೆ ನಿಮ್ಮ ಮೂರು ಗೀರು ಕಂಡೆ. ಏನ್ ಮಾಡ್ಲಿ? ಊರಿನ ಮುಂದೆ ಇವನ ಮುಖ ನೋಡಿ 'ನಿಮ್ಮಮ್ಮಂಗೆ ಗಾಲಿ ಇಲ್ಲ, ಸೆರಾ ಹಂಚು' ಅಂತ ಹೇಳ್ಲಾ? ಅವತ್ತೂ ಬಾಯಿ ಮುಚ್ಕೊಂಡು ಒಡೆದೆ, ಇವತ್ತೂ ಒಡೆದೆ. ಬೈಯೋದಾದ್ರೆ ಬೈರಿ."

ಬೈಯದೆ ಬಿಡುತ್ತಾಳೆಯೇ? ಸಿದೊನಿ ಆ ಮರದ ಗಾಲಿಯನ್ನು ಊರುಗೋಲಿನಿಂದ ಬಾರಿಸಿದಳು, ಒಂದು ಸಲವಲ್ಲ, ಮೂರು ಸಲ. ಮೊದಲ ಬೈಗುಳ ಸತ್ತ ಗಂಡನಿಗೆ. "ಸುಳ್ಳ! ನನ್ನ ಗಾಲಿ ನಾನೇ ಉಜ್ಕೋತೀನಿ, ನೀನು ಈ ಕಡೆ ಬರ್ಬೇಡ ಅಂತ ಹಲ್ಲು ಕಿರೀತಿದ್ದ! ಮರ ಉಜ್ತಿದ್ದನಲ್ಲೋ ಇಡೀ ಚಳಿಗಾಲ!" ಆಮೇಲೆ ಜಕಾರಿಗೆ. "ಪ್ರತಿ ಶನಿವಾರ ನನ್ನ ವೈನ್ ಕುಡಿದು ಸುಳ್ಳು ಹೇಳಿದ್ಯಲ್ಲೋ, ಅದು ನಿನ್ನ ಹೊಟ್ಟೇಲಿ ಹುಳಿಯಾಗ್ಲಿ!" ಆಮೇಲೆ ವಿಕ್ಟೊರಿನಳ ಬೆಳ್ಳಗಿನ ಹಲಗೆಯ ಕಡೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಅವಳ ಸಿಟ್ಟು ನಿಜವಾಗಿ ನೆತ್ತಿಗೇರಿದ್ದು ಆಗಲೇ.

"ಬಾಯಿ ಇರಲಿಲ್ವೇನೇ ನಿನಗೆ? ತೊಟ್ಟಿ ಮುಂದೆ ಊರೆಲ್ಲ ನಕ್ಕಾಗ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಒಂದು ಕಾಲು ನಿಂದೇ ಆಗಿತ್ತಲ್ಲೇ! ಬಾಲ ಹಿಡ್ಕೊಂಡು ಹೋಗು ಅಂದೆನಲ್ಲೇ ನಾನು! ಇಪ್ಪತ್ತೇಳು ವರ್ಷ ನಿನ್ನ ನೆಲದ ಕೆಳಗೇ ಮಲಗಿದ್ದೆ, ಪ್ರತಿ ರಾತ್ರಿ ನಿನ್ನ ಹೆಜ್ಜೆ ಸದ್ದಿಗೆ ಶಾಪ ಹಾಕಿದೀನಿ, ಗೊತ್ತಾ? ಈಗ ಯಾರಿಗೆ ಬೈಯ್ಲಿ? ಗೆದ್ದೆ ಅಂತ ಹೋಗಿ ಮಲ್ಕೊಂಡ್ಯಾ? ಥೂ, ನಿನ್ನ ದೊಡ್ಡತನಕ್ಕಿಷ್ಟು!"

ಯಾರೂ ಅವಳನ್ನು ತಡೆಯಲಿಲ್ಲ. ಬಾಜಿಲ್ ತೋಳಿನಿಂದ ಮೂಗು ಒರೆಸಿಕೊಂಡ. ಕೂಗಿ ಕೂಗಿ ಏದುಸಿರು ಬಂದ ಮೇಲೆ ಸಿದೊನಿ ಹಲಗೆಯ ಅಂಚು ಹಿಡಿದು ನಿಂತಳು.

"ಹೇಗಿತ್ತೋ?" ಎಂದಳು ಜಕಾರಿಗೆ.

"ಏನಕ್ಕ?"

"ಅವಳ ಗಾಲಿ. ಅವತ್ತು ನಾನು ತಿಂದೆ, ನನಗೆ ಬೂದಿ ತಿಂದ ಹಾಗಿತ್ತು. ರುಚಿ ಹೇಗಿತ್ತು?"

ಜಕಾರಿ ಯೋಚಿಸಿದ. ರುಚಿಯ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. "ಬೆಣ್ಣೆ ಹಾಗಿತ್ತು ಅಕ್ಕ. ಕೊನೇಲಿ ಸ್ವಲ್ಪ ಜೇನಿನ ಹಾಗೆ. ಹೊಗೆ ಗಿಗೆ ಏನೂ ಇರಲಿಲ್ಲ. ನಾನು ಒಡೆದಿದ್ರಲ್ಲಿ ಅಷ್ಟು ಒಳ್ಳೇದು ಇನ್ನೊಂದಿಲ್ಲ."

"ಅದ್ರಲ್ಲೂ ನನಗಿಂತ ಮೇಲೇ!" ಎಂದಳು ಸಿದೊನಿ. "ಎತ್ಕೋ ಆ ಮರಾನ. ನಡಿ ಮೇಲೆ."

ಮೇಲೆ ಊಟದ ಕೋಣೆಯಲ್ಲಿ ಒಬ್ಬರೂ ಜಾಗ ಬಿಟ್ಟು ಕದಲಿರಲಿಲ್ಲ. ಇಂಥ ದಿನ ಯಾರು ಮನೆಗೆ ಹೋಗುತ್ತಾರೆ? ಸಿದೊನಿ ಬಾಗಿಲಲ್ಲಿ ನಿಂತು ಜಕಾರಿಯ ಕೈಯಿಂದ ಮರದ ಗಾಲಿಯನ್ನು ಮೇಜಿನ ಮೇಲೆ ಹಾಕಿಸಿದಳು. ಲೋಟಗಳು ಕುಣಿದವು.

"ನೋಡ್ಕೊಳ್ಳಿ ಚೆನ್ನಾಗಿ. ಇದು ನನ್ನ ಗಂಡನ ಸಾವಿನ ಗಾಲಿ. ಒಳಗಿಂದ ಹೊರಗಿನ ತನಕ ಮರ. ಚೀಸನ್ನ ಅವನು ಪೇಟೇಲಿ ಮಾರಿದ್ದ. ಅವನ ಮಣ್ಣಿನ ದಿನ ನೀವೆಲ್ಲ ಚಪ್ಪರಿಸಿ ತಿಂದಿದ್ದು ವಿಕ್ಟೊರಿನಳ ಗಾಲಿ. ಆ ಹಸುವಿನಲ್ಲಿ ಅವಳದೂ ಒಂದು ಕಾಲಿತ್ತು. ನಾನು ಅವಳನ್ನ ನಿಮ್ಮ ಮುಂದೆ ಬೈದೆ, ನೀವು ನಕ್ಕಿರಿ. ಈಗ ನಗಿ, ನೋಡೋಣ!"

ತೊಟ್ಟಿಯ ಮುಂದೆ ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಗಂಟೆ ಹೊಡೆಯುವವನ ಹೆಂಡತಿ ತಟ್ಟೆಯಲ್ಲಿದ್ದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

"ಜಕಾರಿ, ಉಳಿದ ಅರ್ಧನೂ ಒಡಿ. ಇವತ್ತೇ ಮುಗೀಬೇಕು. ಅವಳ ಸಾವಿನೂಟ ಅರ್ಧಕ್ಕೆ ನಿಂತಿತು ಅಂತ ಆಗಬಾರದು."

ಬಾಜಿಲ್ ಅವಳ ತೋಳು ಹಿಡಿದ. "ದೊಡ್ಡಮ್ಮ, ಪೂರ್ತಿ ಬೇಡ. ಹಾಗಾದ್ರೆ ನಿಮಗೆ? ನಿಮ್ಮ ದಿನಕ್ಕೆ ಏನ್ ಒಡೆಯೋದು?"

"ನನಗೆ ನಿಮ್ಮ ದೊಡ್ಡಪ್ಪ ಮಾಡಿಟ್ಟಿದಾನಲ್ಲ ಇದನ್ನ!" ಅವಳು ಮರದ ಗಾಲಿಯನ್ನು ತೋರಿಸಿದಳು. "ಅದನ್ನೇ ಮೇಜಿನ ಮೇಲಿಡು. ಅದರ ಸುತ್ತ ಒಂದು ತಟ್ಟೆ ಸೆರಾ ಹಂಚು. ಹಲ್ಲಿದ್ದೋರು ಮರ ಕಡೀಲಿ, ಇಲ್ಲದೋರು ಸೆರಾ ತಿನ್ಲಿ."

ಒಳಗೆ ಕೊಡಲಿ ಬಿತ್ತು. ಸಿದೊನಿ ತನ್ನ ಜಾಗಕ್ಕೆ ಹೋಗಿ ಕುಳಿತು, ಊರುಗೋಲನ್ನು ಬೆಂಚಿಗೆ ಒರಗಿಸಿ, ಎಲ್ಲರೂ ನೋಡುತ್ತಿದ್ದಂತೆ ಕರವಸ್ತ್ರದ ಗಂಟು ಬಿಚ್ಚಿದಳು. ಉಗಿದಿದ್ದ ತುಂಡು ಅಲ್ಲೇ ಇತ್ತು. ಬಾಯಿಗೆ ಹಾಕಿಕೊಂಡಳು. ಉಪ್ಪು ಬಂತು, ಅಕ್ರೋಟು ಬಂತು, ಹುಲ್ಲಿನ ಕಹಿ ಬಂತು, ಕೊನೆಗೆ ಅಪ್ಪನ ಹೊಗೆ ಬಂತು. ದವಡೆ ಬಿಗಿಹಿಡಿದು, ಕಣ್ಣಿನಿಂದ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳದೆ, ಪೂರ್ತಿ ಅಗಿದು ನುಂಗಿದಳು.

ಜಕಾರಿ ಹೊಸದಾಗಿ ಒಡೆದ ಚೂರುಗಳ ತಟ್ಟೆ ಹಿಡಿದುಕೊಂಡು ಅವಳ ಪಕ್ಕ ಬಂದು ನಿಂತ. ಸಿದೊನಿ ಕೈ ಚಾಚಿದಳು.

"ಇನ್ನೊಂದು ತುಂಡು ಕೊಡೋ" ಎಂದಳು. "ಅವಳ ಜೊತೆ ನನ್ನ ಜಗಳ ಒಂದು ತುಂಡಿಗೆ ಮುಗಿಯೋದಲ್ಲ."